ಮಂಜನಿಗೆ, ಅಯೋವಾ ಹಿಮದಿಂದ

ಲೋ ಮಂಜ,

ಬಿಳಿ ಬಟ್ಟೆ ಸುತ್ಕೊಂಡು ಹಿಮದಲ್ಲಿ ಕೂತಿರೋ ಫೋಟೋ ನೋಡಿ ಏನೋ ಇದು ಅವತಾರ, ಬೇಟೆಗೆ ಹೋಗಿದ್ಯಾ, ನಿಜ ಹೇಳು ಅಂತ ಒಂದೇ ಸಮ ಮೆಸೇಜ್ ಹಾಕಿದ್ಯಲ್ಲ, ಫೋನಲ್ಲಿ ಹೇಳೋಕೆ ಹೋದ್ರೆ ನೀನು ಮಧ್ಯ ಬಾಯಿ ಹಾಕ್ತೀಯ, ಅದಕ್ಕೇ ಬರೀತಿದೀನಿ. ಉಳಿದವರೂ ಓದ್ಕೊಳ್ಳಲಿ ಅಂತ ಇಲ್ಲೇ ಹಾಕ್ತಿದೀನಿ.

ಹೋಗಿದ್ದು ಇಲ್ಲೇ ಅಮೆರಿಕದ ಅಯೋವಾ ರಾಜ್ಯದಲ್ಲಿ, ಕಯೋಟಿ ಬೇಟೆಗೆ. ಕಯೋಟಿ ನಮ್ ನರಿಗಿಂತ ಒಂದು ಸೈಜ್ ದೊಡ್ದು, ತೋಳಕ್ಕಿಂತ ಚಿಕ್ದು. ಇಲ್ಲಿ ಸಾಮಾನ್ಯವಾಗಿ 10ರಿಂದ 16 ಕೆಜಿ ಬರುತ್ತೆ, ಆದ್ರೆ ಚಳಿಗಾಲದ ತುಪ್ಪಳದಲ್ಲಿ ನೋಡಿದ್ರೆ ಅದರ ಡಬಲ್ ಇದೆ ಅನ್ಸುತ್ತೆ. ಹಿಂದೆ ಪಶ್ಚಿಮದ ಬಯಲುಗಳಲ್ಲಿ ಇದ್ದ ಪ್ರಾಣಿ, ಅಮೆರಿಕದವರು ತೋಳಗಳನ್ನ ಹೆಚ್ಚುಕಮ್ಮಿ ನಿರ್ನಾಮ ಮಾಡಿದ್ಮೇಲೆ ಖಾಲಿ ಬಿದ್ದ ಜಾಗಕ್ಕೆಲ್ಲ ಇದು ನುಗ್ಗಿ ಈಗ ಹವಾಯಿ ಒಂದು ಬಿಟ್ಟು ಎಲ್ಲಾ ರಾಜ್ಯದಲ್ಲೂ ಇದೆ, ಶಿಕಾಗೋ ಸಿಟಿ ಒಳಗೂ ಓಡಾಡುತ್ತೆ.

ಕರ್ಕೊಂಡು ಹೋಗಿದ್ದು ನಮ್ ಆಫೀಸಲ್ಲಿ ಜೊತೆಗಿರೋ ಒಬ್ಬನ ಅಪ್ಪ, ಎಪ್ಪತ್ತು ದಾಟಿದ ರೈತ. ನಾನವರನ್ನ ಮನಸ್ಸಲ್ಲೇ ಅಜ್ಜ ಅಂತೀನಿ. ಜಮೀನು ಹೆಂಗಿದೆ ಅಂದ್ರೆ, ಇಡೀ ರಾಜ್ಯಕ್ಕೇ ಗ್ರಾಫ್ ಶೀಟ್ ಹಾಸ್ದಂಗೆ ಮೈಲಿಗೊಂದು ರಸ್ತೆ, ಒಂದೊಂದು ಚೌಕ 640 ಎಕರೆ. ಬೇಸಿಗೆಯಲ್ಲಿ ಮುಸುಕಿನ ಜೋಳ, ಸೋಯಾ ತುಂಬ್ಕೊಂಡಿರೋ ಜಾಗ ಚಳಿಗಾಲಕ್ಕೆ ಬೋಳು, ಹಿಮದಿಂದ ಒಂದು ಗೇಣು ಮೇಲೆ ಕೂಳೆ ಕಾಣುತ್ತೆ ಅಷ್ಟೇ. ಪ್ರಾಣಿ ಅವಿತುಕೊಳ್ಳೋಕೆ ಉಳಿಯೋದು ಹಳ್ಳದ ಅಂಚು, ಬೇಲಿ ಸಾಲು, ಆಮೇಲೆ ಉಳದೆ ಹುಲ್ಲು ಬೆಳೆಸೋಕೆ ಬಿಟ್ರೆ ಸರ್ಕಾರ ಬಾಡಿಗೆ ಕೊಡೋ ಜಾಗಗಳು, 1985ರಿಂದ ಆ ಸ್ಕೀಮ್ ಇದೆ. ಅಂದ್ರೆ ಕಯೋಟಿ ಎಲ್ಲಿ ಮಲಗಿದೆ ಅಂತ ಊಹಿಸೋದು ಕಷ್ಟ ಅಲ್ಲ. ಅದನ್ನ ಹೊರಗೆ ಕರೆಸೋದೇ ಕಷ್ಟ.

ಹೌದು, ಕರೀತಾರೆ. ಮೊಲ ಯಾವ್ದಾದ್ರೂ ಪ್ರಾಣಿ ಬಾಯಿಗೆ ಸಿಕ್ಕಾಗ ಕಿರ್‍ಚುತ್ತಲ್ಲ, ಆ ಶಬ್ದ. ಪೀಪಿ ಥರದ್ದು ಬಾಯಲ್ಲಿ ಊದೋದು ಹಳೇ ಪದ್ಧತಿ, ಈಗ ರಿಮೋಟ್ ಇರೋ ಸ್ಪೀಕರ್ ಬಂದಿದೆ, ನೂರಾರು ಶಬ್ದ ತುಂಬ್ಸಿರ್ತಾರೆ, ಇಲಿ, ಮೊಲ, ಹಕ್ಕಿ, ಕಯೋಟಿ ಮರಿ ಅಳೋದು, ಏನ್ ಬೇಕೋ ಎಲ್ಲ. ಅಜ್ಜನ ಹತ್ರ ಎರಡೂ ಇದೆ, ಆದ್ರೆ ಪ್ರಾಣಿ ಹತ್ರ ಬಂದ್ಮೇಲೆ ಗ್ಲೌಸ್ ಬಿಚ್ಚಿ ಮುಂಗೈ ಹಿಂಭಾಗಕ್ಕೆ ತುಟಿ ಒತ್ತಿ ಚೀಪಿ ಇಲಿ ಕೀಚ್ ಕೀಚ್ ಅನ್ನೋ ಹಂಗೆ ಮಾಡ್ತಾರೆ ನೋಡು, ಆ ಚಳೀಲಿ ತುಟಿ ಒಡೆದಿದ್ರೂ ಬಿಡಲ್ಲ. ಫೆಬ್ರವರಿಲಿ ಇವುಗಳಿಗೆ ಜೋಡಿ ಆಗೋ ಕಾಲ, ಹಾಗಾಗಿ ಮೊದ್ಲು ಮೊಲದ ಶಬ್ದ ಹಾಕಲ್ಲ, ಒಂಟಿ ಊಳು ಹಾಕಿ ಸುಮ್ನೆ ಕೂರ್ತಾರೆ. ಯಾರೋ ಹೊಸಬರು ನಮ್ ಏರಿಯಾಗೆ ಬಂದವ್ರೆ ಅಂತ ಅಲ್ಲಿನ ಜೋಡಿ ವಿಚಾರಿಸ್ಕೊಳ್ಳೋಕೆ ಬರ್ಬೇಕು ಅನ್ನೋದು ಲೆಕ್ಕ.

ಇದೆಲ್ಲದಕ್ಕಿಂತ ಮುಖ್ಯ ಗಾಳಿ ಕಣೋ. ಅಜ್ಜ ಟ್ರಕ್ ದಿಬ್ಬದ ಹಿಂದೆ ನಿಲ್ಸಿ, ಡೋರ್ ಸದ್ದು ಬರದಂಗೆ ಒತ್ತಿ, ಮೊದ್ಲು ಪೌಡರ್ ಬಾಟ್ಲಿ ಅಮುಕಿ ಅದು ಯಾವ್ ಕಡೆ ಹಾರುತ್ತೆ ನೋಡಿದ್ಮೇಲೇನೇ ಹೆಜ್ಜೆ ಇಡೋದು. ಕಯೋಟಿ ಕಿವಿ ನಂಬುತ್ತೆ, ಕಣ್ಣೂ ನಂಬುತ್ತೆ, ಆದ್ರೆ ಕೊನೇ ತೀರ್ಮಾನ ಮೂಗಿಂದು. ಶಬ್ದ ಬಂದ ಜಾಗಕ್ಕೆ ನೇರ ಬರಲ್ಲ, ಸುತ್ತು ಹಾಕಿ, ಆ ಜಾಗದ ಮೇಲಿಂದ ಬರೋ ಗಾಳಿ ಮೂಗಿಗೆ ತಗಲೋ ಕಡೆ ಹೋಗಿ ಮೂಸಿ ನೋಡುತ್ತೆ. ಅದಕ್ಕೇ ಸ್ಪೀಕರನ್ನ ನಮ್ಮಿಂದ ದೂರ, ಗಾಳಿ ಬರೋ ದಿಕ್ಕಿಗೆ ಇಟ್ಟು, ಅದು ಸುತ್ತು ಹಾಕೋ ದಾರಿ ನಮ್ ಮುಂದೇನೇ ಹಾಯೋ ಹಂಗೆ ಕೂರ್ಬೇಕು. ಬಿಸಿಲು ಬೆನ್ನಿಗಿರ್ಬೇಕು, ಮೈಮೇಲೆ ಬಿಳಿ ಬಟ್ಟೆ, ಅಲ್ಲಾಡೋ ಹಂಗಿಲ್ಲ. ಹದಿನೈದು ಇಪ್ಪತ್ತು ನಿಮಿಷ ಹಂಗೇ. ಮೈನಸ್ 20 ಡಿಗ್ರಿಲಿ ಅದು ಎಷ್ಟು ಹೊತ್ತು ಅಂತ ನಿಂಗೆ ಹೇಳಿದ್ರೆ ಅರ್ಥ ಆಗಲ್ಲ, ಉಸಿರು ರೆಪ್ಪೆ ಮೇಲೆ ಹೆಪ್ಪುಗಟ್ಟಿ ಕಣ್ಣು ಮಿಟುಕಿಸಿದ್ರೆ ಅಂಟ್ಕೊಳ್ಳುತ್ತೆ.

ಒಂದು ಬಂತು. ಹಳ್ಳದ ವಿಲೋ ಗಿಡಗಳ ಸಂದಿಂದ, ಮೊದ್ಲು ಬರೀ ಕಿವಿ, ಆಮೇಲೆ ತಲೆ. ಸುಮಾರು ಹೊತ್ತು ನಿಂತಿತ್ತು. ಆಮೇಲೆ ನಾಲ್ಕು ಹೆಜ್ಜೆ ಓಡಿ, ನಿಂತು, ಮೂತಿ ಸ್ವಲ್ಪ ಮೇಲೆತ್ತಿ, ಮತ್ತೆ ನಾಲ್ಕು ಹೆಜ್ಜೆ. ಅಷ್ಟರಲ್ಲಿ ಗಾಳಿ ಒಂದು ಚೂರು ತಿರುಗಿರ್ಬೇಕು, ನಂಗಂತೂ ಏನೂ ಗೊತ್ತಾಗಲಿಲ್ಲ, ಅದು ಮಾತ್ರ ಇದ್ದಲ್ಲೇ ಹೊರಳಿ ಬಾಲ ನೆಟ್ಟಗೆ ಮಾಡ್ಕೊಂಡು ಹೋಗಿದ್ದೇ ಹೋಗಿದ್ದು, ಬೇಲಿ ಹತ್ರ ಒಂದ್ಸಲ ನಿಂತು ನಮ್ ಕಡೆ ತಿರುಗಿ ನೋಡ್ತು, ಮುಗೀತು. ಅಜ್ಜ ನಕ್ಕರು. ಹೆಚ್ಚಿನ ಕಡೆ ಇಷ್ಟೂ ಆಗಲ್ಲ, ಏನೂ ಬರೋದೇ ಇಲ್ಲ.

ಮಧ್ಯಾಹ್ನ ಇನ್ನೊಂದು ಹೊಲದಲ್ಲಿ ಬಂದಿದ್ದು ಹಂಗೆ ಹೋಗ್ಲಿಲ್ಲ. ಓಡ್ತಾ ಇದ್ದದ್ದನ್ನ ಅಜ್ಜ ಬಾಯಲ್ಲೇ ನಾಯಿ ಬೊಗಳಿದಂಗೆ ಒಂದು ಸದ್ದು ಮಾಡಿ ನಿಲ್ಸಿದ್ರು, ಹಿಂದೆ ದಿಬ್ಬ ಇದೆ ಅಂತ ಖಾತ್ರಿ ಮಾಡ್ಕೊಂಡ್ರು, ಈ ಬಯಲಲ್ಲಿ ತಪ್ಪಿದ ಗುಂಡು ಎಲ್ಲಿ ಹೋಗಿ ನಿಲ್ಲುತ್ತೆ ಹೇಳೋಕಾಗಲ್ಲ, ಆಮೇಲೆ .223 ಅನ್ನೋ ಸಣ್ಣ ಗುಂಡಿನ ರೈಫಲ್ ಒಂದೇ ಒಂದ್ಸಲ ಸದ್ದು ಮಾಡ್ತು. ಹತ್ರ ಹೋಗಿ ಮುಟ್ಟಿ ನೋಡ್ದೆ. ಹೆಣ್ಣು. ಕಿವಿ ಹಿಂದೆ ಕಂದುಕೆಂಪು, ಬೆನ್ನ ಮೇಲಿನ ಒಂದೊಂದು ಕೂದಲಿಗೂ ತುದಿ ಕಪ್ಪು, ಬೆರಳು ತೂರಿಸಿದ್ರೆ ಒಳಗೆ ಇನ್ನೂ ಬೆಚ್ಚಗೆ. ಪಾದ ನೋಡಿ ಆಶ್ಚರ್ಯ ಆಯ್ತು, ಅಷ್ಟು ಪುಟ್ಟದು. ಖುಷಿ ಆಯ್ತಾ ಅಂತ ಕೇಳ್ಬೇಡ, ಆಗ್ಲಿಲ್ಲ. ಸಾಯ್ತಿರೋ ಮೊಲದ ದನಿ ಹಾಕಿ ಹಸಿದಿರೋ ಪ್ರಾಣಿನ ಕರೆಸೋದ್ರಲ್ಲಿ ಏನೋ ಒಂದು ನಂಗೆ ಇನ್ನೂ ಒಗ್ಗಿಲ್ಲ.

ಅಜ್ಜನ ಮಾತೂ ಸುಳ್ಳಲ್ಲ. ಈಗ ಹಸು ಕರು ಹಾಕೋ ಕಾಲ, ಕರು ಹಿಂದೆ ಬೀಳೋ ಮಾಸಿನ ವಾಸನೆಗೆ ಕಯೋಟಿ ಹತ್ರ ಬರುತ್ತೆ, ಹುಟ್ಟಿ ಗಂಟೆ ಆಗಿರೋ ಕರು ಎದ್ದು ಓಡಲ್ಲ. ಕುರಿ ಸಾಕೋರಿಗೆ ಇನ್ನೂ ಕಷ್ಟ. ಆದ್ರೆ ಬೇಟೆ ಆಡಿದ್ರೆ ಸಂಖ್ಯೆ ಕಮ್ಮಿ ಆಗುತ್ತೆ ಅಂತಾರಲ್ಲ, ಅದನ್ನ ನಾನು ಒಪ್ಪಲ್ಲ. ಅಯೋವಾದಲ್ಲಿ ಕಯೋಟಿಗೆ ಸೀಸನ್ನೇ ಇಲ್ಲ, ವರ್ಷಪೂರ್ತಿ ಹೊಡೀಬಹುದು, ಇಷ್ಟೇ ಅಂತ ಮಿತಿನೂ ಇಲ್ಲ, ಆದ್ರೂ ಒಂದು ಜಾಗ ಖಾಲಿ ಆದ್ರೆ ಪಕ್ಕದಿಂದ ಇನ್ನೊಂದು ಬಂದು ಸೇರ್ಕೊಳ್ಳುತ್ತೆ, ಒಂದೊಂದು ಸಲಕ್ಕೆ ಆರು ಮರಿ ಹಾಕೋ ಜಾತಿ ಅದು. ಕರು ಮುಟ್ಟೋ ಒಂದನ್ನ ಹೊಡೆದ್ರೆ ಆ ರೈತನಿಗೆ ಆ ವರ್ಷ ಉಪಯೋಗ, ಅಷ್ಟೇ. ದುಡ್ಡಿಗೆ ಅಂತಾನೂ ಹೇಳಂಗಿಲ್ಲ, ಜಾಕೆಟ್ ಟೋಪಿ ಅಂಚಿಗೆ ಕಯೋಟಿ ತುಪ್ಪಳ ಹಾಕ್ತಿದ್ದ ಕೆನಡಾ ಗೂಸ್ ಕಂಪನಿ ಇನ್ಮೇಲೆ ತಗೊಳ್ಳಲ್ಲ ಅಂತ 2021ರಲ್ಲಿ ಹೇಳಿದ್ಮೇಲೆ ಚರ್ಮ ಸುಲಿಯೋ ಕಷ್ಟಕ್ಕೆ ತಕ್ಕ ಬೆಲೆ ಬರಲ್ಲ ಅಂತ ಅಜ್ಜನೇ ಗೊಣಗ್ತಾರೆ.

ನಿಮ್ ಕೊಪ್ಪಳದ ಕುರಿಗಾರರು ತೋಳ ಒಂದು ಮರಿ ಹೊತ್ಕೊಂಡು ಹೋದ್ರೂ ಅದರ ಪಾಲು ಅದು ತಗೊಳ್ತು ಬಿಡು ಅಂತಾರೆ ಅಂತ ಹಾಸ್ಟೆಲಲ್ಲಿ ಹೇಳ್ತಿದ್ಯಲ್ಲ, ಅದನ್ನ ಅಜ್ಜನಿಗೆ ಹೇಳ್ದೆ, ಗಂಗಾವತಿ ಹತ್ರ ಬಂಕಾಪುರದಲ್ಲಿ ತೋಳಕ್ಕೆ ಅಂತಲೇ ವನ್ಯಧಾಮ ಇದೆ ಅಂತಾನೂ ಹೇಳ್ದೆ. ಸ್ವಲ್ಪ ಹೊತ್ತು ಯೋಚ್ನೆ ಮಾಡಿ, ಆ ಕುರಿ ದುಡ್ಡು ಯಾರು ಕೊಡ್ತಾರೆ ಅಂತ ಕೇಳಿದ್ರು. ಅದಕ್ಕೆ ಉತ್ತರ ನೀನೇ ಬರೀಬೇಕು, ನಿಮ್ಮೂರಲ್ಲಿ ಪರಿಹಾರ ನಿಜವಾಗ್ಲೂ ಕೈಗೆ ಸಿಗುತ್ತಾ ಅಂತ.

ಮತ್ತೆ ನಾನು ಗನ್ ಹಿಡಿದ್ನಾ ಅಂದ್ಯಲ್ಲ, ಇಲ್ಲ. ನಮ್ಮಂಥ ವೀಸಾದವರು ಗನ್ ಇಟ್ಕೊಳ್ಳಂಗಿಲ್ಲ, ಬೇಟೆ ಲೈಸೆನ್ಸ್ ಇದ್ರೆ ಅದಕ್ಕೊಂದು ವಿನಾಯ್ತಿ ಇದೆ, ನಂಗೆ ಬೇಡ, ಬೈನಾಕ್ಯುಲರ್ ಸಾಕು. ನೀನು ಬರೋದಾದ್ರೆ ಫೆಬ್ರವರಿಲೇ ಬಾ, ಜುಲೈಲಿ ಬಂದ್ರೆ ಜೋಳ ಆಳೆತ್ತರ ಇರುತ್ತೆ, ಕಯೋಟಿ ಹತ್ತಡಿ ದೂರದಲ್ಲಿದ್ರೂ ಕಾಣಲ್ಲ. ಬೂಟು ಇಲ್ಲೇ ತಗೊಳ್ಳೋಣ, ಅಲ್ಲಿಂದ ತಂದಿದ್ದು ನಡೆಯಲ್ಲ.

ನಿನ್ನ
ಸೀನ