ಗೆರೆ ಎಳೆಯುವ ಮೊದಲೇ ನಮ್ಮನ್ನು ಕರೆಯಿರಿ: ಮುಂಬಯಿ ಮಹಾನಗರಪಾಲಿಕೆಯ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ನಮಸ್ಕಾರ. ಯಾವ ಜಾಗ ಯಾವುದಕ್ಕೆ ಬಳಕೆಯಾಗಬೇಕು ಎಂದು ನಕ್ಷೆಯಲ್ಲಿ ಗೊತ್ತುಮಾಡುವ ಮುಂಬಯಿಯ ಈಗಿನ ಅಭಿವೃದ್ಧಿ ಯೋಜನೆಯ ಅವಧಿ 2034ಕ್ಕೆ ಮುಗಿಯುತ್ತದೆ. ಇನ್ನೂ ಸಮಯವಿದೆ ಎಂದು ತಮ್ಮ ಕಚೇರಿಯಲ್ಲಿ ಯಾರಿಗಾದರೂ ಅನ್ನಿಸಿದ್ದರೆ, ಕಳೆದ ಸಲದ ಲೆಕ್ಕವನ್ನು ಅವರ ಮುಂದಿಡಿ. ಆಗಿನ ಭೂಬಳಕೆ ನಕ್ಷೆಗಳು ಜನರ ಕಣ್ಣಿಗೆ ಬಿದ್ದದ್ದು 2012ರಲ್ಲಿ. ಯೋಜನೆ ಶುರುವಾಗಬೇಕಿದ್ದದ್ದು 2014ರಲ್ಲಿ. ರಾಜ್ಯ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. ಇಪ್ಪತ್ತು ವರ್ಷದ ಯೋಜನೆಯಲ್ಲಿ ನಾಲ್ಕು ವರ್ಷ ಕರಡು, ತಕರಾರು, ತಿದ್ದುಪಡಿಗಳಲ್ಲೇ ಕಳೆಯಿತು. ಮುಂದಿನ ಯೋಜನೆಗೂ ಅದೇ ಗತಿ ಬರಬಾರದು ಎಂಬ ಕಳಕಳಿಯಿಂದ ಬರೆಯುತ್ತಿದ್ದೇನೆ. ಇದರ ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ಕನ್ನಡದಲ್ಲಿ ಪ್ರಕಟಿಸುತ್ತಿರುವುದು ಈ ನಗರದ ಕನ್ನಡಿಗರೂ ಓದಲಿ, ಇದು ತಮ್ಮದೂ ವಿಷಯ ಎಂದು ತಿಳಿಯಲಿ ಎಂದು.

2015ರ ಫೆಬ್ರವರಿಯಲ್ಲಿ ಹೊರಬಂದ ಕರಡನ್ನು ಮುಂಬಯಿ ಮರೆತಿಲ್ಲ. ನಿಂತಿರುವ ಕಟ್ಟಡಗಳ ಮೇಲೆಯೇ ರಸ್ತೆಯ ಗೆರೆ ಹಾದುಹೋಗಿತ್ತು. ಪಾರಂಪರಿಕ ಕಟ್ಟಡಗಳು ನಕ್ಷೆಯಿಂದ ಬಿಟ್ಟುಹೋಗಿದ್ದವು. ಕೆಲವು ರೈಲು ನಿಲ್ದಾಣಗಳ ಸುತ್ತ ಎಂಟರವರೆಗೆ ಎಫ್‌ಎಸ್‌ಐ, ಅಂದರೆ ನಿವೇಶನದ ವಿಸ್ತೀರ್ಣದ ಎಂಟು ಪಟ್ಟಿನವರೆಗೆ ಕಟ್ಟಡದ ವಿಸ್ತೀರ್ಣ, ಸೂಚಿಸಲಾಗಿತ್ತು. ಆರೇ ಕಾಲನಿಯ ಹಸಿರಿನ ಮೇಲೂ ನಕ್ಷೆಯಲ್ಲಿ ಕಟ್ಟಡಗಳನ್ನು ಸೂಚಿಸುವ ಬಣ್ಣ ಬಿದ್ದಿತ್ತು. ಹತ್ತಾರು ಸಾವಿರ ಆಕ್ಷೇಪಣೆಗಳು ಬಂದವು. ಏಪ್ರಿಲ್‌ನಲ್ಲಿ ಆಗಿನ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಕರಡನ್ನು ತಡೆದು, ಹೊಸದಾಗಿ ಪರಿಷ್ಕರಿಸುವಂತೆ ಆದೇಶಿಸಿದರು.

ಅದನ್ನು ಜನರ ಗೆಲುವು ಎಂದು ಹಲವರು ಬರೆದರು. ನನಗೆ ಅದರಲ್ಲಿ ನಷ್ಟವೇ ಹೆಚ್ಚು ಕಾಣುತ್ತದೆ. ಆ ತಪ್ಪುಗಳಲ್ಲಿ ಬಹುಪಾಲನ್ನು ಆಯಾ ಬೀದಿಯ ನಾಲ್ಕು ಜನ ಒಂದು ಸಂಜೆ ಕುಳಿತು ತೋರಿಸಿಕೊಡಬಹುದಾಗಿತ್ತು. ಮೇಲಿನಿಂದ ತೆಗೆದ ಚಿತ್ರದಲ್ಲಿ ತಗಡಿನ ಚಾವಣಿ ಕಾಣುತ್ತದೆ. ಅದರ ಕೆಳಗೆ ಬೆಳಿಗ್ಗೆ ಬಾಲವಾಡಿ, ಮಧ್ಯಾಹ್ನ ಹೆಂಗಸರ ಹೊಲಿಗೆ ತರಗತಿ, ರಾತ್ರಿ ಭಜನೆ ನಡೆಯುವುದು ಕಾಣುವುದಿಲ್ಲ. ಖಾಲಿ ಜಾಗ ಎಂದು ಗುರುತಿಸಿದ ಅಂಗಳ ಇಡೀ ಚಾಳಿನ ಮಕ್ಕಳಿಗೆ ಇರುವ ಒಂದೇ ಮೈದಾನ ಎಂಬುದು ಅಲ್ಲಿ ನಿಂತು ನೋಡಿದವರಿಗೆ ಮಾತ್ರ ತಿಳಿಯುತ್ತದೆ. ಮೀನುಗಾರರ ಕೇರಿಗಳಾದ ಕೋಳಿವಾಡಾಗಳಲ್ಲಿ ಮೀನು ಒಣಗಿಸುವ ಜಾಗವೂ ಹಾಗೆಯೇ. ನಕ್ಷೆ ಮಾಡುವವನ ಕಣ್ಣಿಗೆ ಅದು ಬರಿಯ ಬಯಲು.

ನೀರಿನ ವಿಷಯವನ್ನೇ ತೆಗೆದುಕೊಳ್ಳಿ. ನಾನಿರುವ ವಡಾಲಾದಿಂದ ಗಾಂಧಿ ಮಾರ್ಕೆಟ್ ದೂರವಿಲ್ಲ, ಹಿಂದ್‌ಮಾತಾ ಕೂಡ ದೂರವಿಲ್ಲ. ಅಲ್ಲಿ ನೀರು ನಿಲ್ಲುವುದು ದೇಶಕ್ಕೇ ಗೊತ್ತು. ಆದರೆ ಕಡಲಿನ ಉಬ್ಬರದ ಹೊತ್ತಿಗೆ ಮಳೆ ಜೋರಾದರೆ ಮೊದಲು ಯಾವ ಗಲ್ಲಿಯ ಮೋರಿ ಉಕ್ಕುತ್ತದೆ, ಯಾವ ಗೋಡೆ ಕಟ್ಟಿದ ಮೇಲೆ ನೀರು ದಿಕ್ಕು ಬದಲಿಸಿತು, ಯಾವ ನಾಲಾದ ಮೇಲೆ ಚಪ್ಪಡಿ ಹಾಕಿ ಅಂಗಡಿ ಇಟ್ಟಿದ್ದಾರೆ ಎಂಬುದನ್ನು ಅಲ್ಲಿನ ಹಳೆಯ ಅಂಗಡಿಯವರು ಕೈಬೀಸಿ ತೋರಿಸುತ್ತಾರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಎಲ್ಲಿಯವರೆಗೆ ನೀರು ಏರಿತ್ತು ಎಂಬ ಗುರುತು ಎಷ್ಟೋ ಮನೆಯವರ ನೆನಪಿನಲ್ಲಿ ಇನ್ನೂ ಅಳಿದಿಲ್ಲ. ಆ ತಲೆಮಾರಿಗೆ ವಯಸ್ಸಾಗುತ್ತಿದೆ. ಅವರಿರುವಾಗಲೇ ಅದನ್ನು ಬರೆದಿಟ್ಟುಕೊಳ್ಳುವುದು ಪಾಲಿಕೆಗೇ ಲಾಭ.

ಆದ್ದರಿಂದ ನನ್ನ ಮುಖ್ಯ ಬೇಡಿಕೆ ಇದು: ಹೊಸ ಯೋಜನೆಯ ಭೂಬಳಕೆ ಸಮೀಕ್ಷೆ ನಿವಾಸಿಗಳ ಜೊತೆಯಲ್ಲಿ ನಡೆಯಲಿ. ಸಮೀಕ್ಷಕರು ಪ್ರತಿ ಬೀದಿಯಲ್ಲಿ ಅಲ್ಲಿನವರೊಂದಿಗೆ ನಡೆಯಲಿ. ಆ ಬೀದಿಯ ಕರಡು ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ, ದೇವಸ್ಥಾನ, ಮಸೀದಿ, ಶಾಲೆ, ಬಸ್ ನಿಲ್ದಾಣಗಳ ಹೆಸರು ಹಾಕಿ, ಅಲ್ಲಿಯೇ ತೂಗುಹಾಕಲಿ. ಇದು ಅಸಾಧ್ಯವಾದ ಮಾತಲ್ಲ. 2015ರ ನಂತರ ಪರಿಷ್ಕರಣೆ ನಡೆದಾಗ ಪಾಲಿಕೆ ಕರಡಿನ ಭಾಗಗಳನ್ನು ಒಂದೊಂದಾಗಿ ಜನರ ಮುಂದಿಟ್ಟಿತ್ತು. ತಡವಾಗಿ ಮಾಡಿದ ಆ ಒಳ್ಳೆಯ ಕೆಲಸವನ್ನು ಈ ಸಲ ಮೊದಲೇ ಮಾಡಿ ಎನ್ನುತ್ತಿದ್ದೇನೆ, ಅಷ್ಟೇ.

ಇನ್ನು ಸಮಯದ ಮಾತು. 2015ರ ಕರಡಿಗೆ ಆಕ್ಷೇಪಣೆ ಸಲ್ಲಿಸಲು ಸಿಕ್ಕಿದ್ದು 60 ದಿನ. ಕಚೇರಿಯ ವೇಳೆಯಲ್ಲಿ ಸಭೆ ಇಟ್ಟರೆ ಬರುವವರು ಯಾರು? ನಿವೃತ್ತರು, ವಕೀಲರು, ಬಿಲ್ಡರ್‌ಗಳ ಕಡೆಯವರು. ಹೋಟೆಲಿನ ಮಾಣಿ, ಅಡುಗೆಯವರು, ಮನೆಗೆಲಸದ ಹೆಂಗಸು, ಬಂದರಿನ ಡಾಕ್‌ನಲ್ಲಿ ಕೆಲಸ ಮಾಡುವವರು ಬರಲಾರರು. ನಾನು ಫೋರ್ಟ್‌ನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವನು. ಹಗಲು ಹೋಟೆಲಿನಲ್ಲಿ ತಟ್ಟೆ ಎತ್ತಿದ ಹುಡುಗರು ಸಂಜೆ ಅಂಗಿ ಬದಲಿಸಿ ಬೆಂಚಿನ ಮೇಲೆ ಬಂದು ಕೂರುತ್ತಿದ್ದರು. ದಕ್ಷಿಣ ಕನ್ನಡ, ಉಡುಪಿಗಳಿಂದ ಬಂದ ಎಷ್ಟೋ ಜನ ಹಾಗೆ ಕಲಿತು ಬ್ಯಾಂಕು, ಕಚೇರಿಗಳನ್ನು ಸೇರಿದರು. ದುಡಿಯುವವರ ಬಿಡುವನ್ನು ನೋಡಿಕೊಂಡು ಶಾಲೆಯೇ ತನ್ನ ಗಂಟೆಯನ್ನು ಬದಲಿಸಿಕೊಂಡ ನಗರ ಇದು. ವಾರ್ಡ್ ಕಚೇರಿಯ ಯೋಜನಾ ಸಭೆಗಳೂ ರಾತ್ರಿ ಎಂಟಕ್ಕೆ ಅಥವಾ ಭಾನುವಾರ ನಡೆಯಲಿ. ಜಾಗದ ಕೊರತೆ ಎನ್ನಬೇಡಿ. ಪಾಲಿಕೆಯ ಶಾಲೆಗಳ ಕೋಣೆಗಳು ಆ ಹೊತ್ತಿಗೆ ಖಾಲಿ ಇರುತ್ತವೆ. ನಮ್ಮ ಕನ್ನಡ ಸಂಘಗಳಿಗೂ ಸಭಾಂಗಣಗಳಿವೆ, ಕೇಳಿದರೆ ಬಾಗಿಲು ತೆರೆಯುವವರಿದ್ದಾರೆ.

ಶಾಲೆಯ ಮಾತು ಬಂದಿತೆಂದು ಇನ್ನೊಂದು ವಿಷಯ. ಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ ಎಂದು ಎಂಟು ಮಾಧ್ಯಮಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತದೆ. ದೇಶದಲ್ಲಿ ಇಂಥ ಇನ್ನೊಂದು ಪಾಲಿಕೆಯನ್ನು ಹುಡುಕುವುದು ಕಷ್ಟ, ನನಗೆ ಅದರ ಬಗ್ಗೆ ಹೆಮ್ಮೆಯಿದೆ. ಮರಾಠಿ ಈ ರಾಜ್ಯದ ಭಾಷೆ, ಮೂಲ ದಾಖಲೆ ಅದರಲ್ಲೇ ಇರಲಿ. ಆದರೆ ಪ್ರತಿ ವಾರ್ಡಿನ ಯೋಜನೆಯ ನಾಲ್ಕು ಪುಟದ ಸಾರಾಂಶವನ್ನು ಅದೇ ಎಂಟು ಭಾಷೆಗಳಲ್ಲಿ ಕೊಟ್ಟರೆ, ಕಲಬುರಗಿಯಿಂದ ಬಂದು ಕಟ್ಟಡ ಕೆಲಸ ಮಾಡುತ್ತಿರುವವನಿಗೂ ತನ್ನ ಗುಡಿಸಲಿನ ಮೇಲೆ ಯಾವ ಬಣ್ಣ ಬಳಿದಿದ್ದಾರೆ ಎಂಬುದು ತಿಳಿದೀತು. 2011ರ ಜನಗಣತಿಯ ಪ್ರಕಾರ ಮುಂಬಯಿಯ ಶೇ. 40ಕ್ಕಿಂತ ಹೆಚ್ಚು ಜನ ಕೊಳೆಗೇರಿಗಳಲ್ಲಿದ್ದರು. ಅಷ್ಟು ಜನರ ನೆಲೆಯನ್ನು ಒಂದೇ ಗಡಿಗೆರೆಯೊಳಗೆ ಕೂಡಿಹಾಕಿ ‘ಕೊಳೆಗೇರಿ’ ಎಂದು ಬರೆದರೆ ಅದನ್ನು ಯೋಜನೆ ಎಂದು ಒಪ್ಪಲು ನನಗೆ ಆಗುವುದಿಲ್ಲ. ಶೌಚಾಲಯ ಎಲ್ಲಿ, ದವಾಖಾನೆ ಎಲ್ಲಿ, ಅಗ್ನಿಶಾಮಕ ವಾಹನ ಒಳಗೆ ಹೋಗುವ ದಾರಿ ಎಲ್ಲಿ ಎಂಬುದು ಅಲ್ಲಿಯೂ ನಕ್ಷೆಯಲ್ಲಿ ಕಾಣಬೇಕು.

2034ಕ್ಕೂ ಮೊದಲೇ ಬಾಗಿಲಿಗೆ ಬರುವ ತುರ್ತು ಒಂದಿದೆ. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ 127ನೆಯ ಕಲಂ ತಮಗೆ ಗೊತ್ತೇ ಇದೆ, ಓದುಗರಿಗಾಗಿ ಹೇಳುತ್ತೇನೆ. ಆಟದ ಮೈದಾನಕ್ಕೋ ಉದ್ಯಾನಕ್ಕೋ ಆಸ್ಪತ್ರೆಗೋ ಮೀಸಲಿಟ್ಟ ಖಾಸಗಿ ಜಾಗವನ್ನು ಯೋಜನೆ ಜಾರಿಯಾದ ಹತ್ತು ವರ್ಷದೊಳಗೆ ಸ್ವಾಧೀನಪಡಿಸಿಕೊಳ್ಳದಿದ್ದರೆ, ಮಾಲೀಕರು ನೋಟಿಸ್ ಕೊಡಬಹುದು. ನೋಟಿಸ್ ಕೊಟ್ಟ ಮೇಲೂ ನಿಗದಿತ ಅವಧಿಯೊಳಗೆ ಪಾಲಿಕೆ ಕ್ರಮ ಕೈಗೊಳ್ಳದಿದ್ದರೆ ಮೀಸಲು ತಾನಾಗಿಯೇ ರದ್ದಾಗುತ್ತದೆ. ಈಗಿನ ಯೋಜನೆ ಜಾರಿಗೆ ಬಂದದ್ದು 2018ರಲ್ಲಿ. ಅಂದರೆ 2028ರಿಂದ ಈ ನೋಟಿಸ್‌ಗಳಿಗೆ ದಾರಿ ತೆರೆಯುತ್ತದೆ. ತಮ್ಮ ಮನೆಯ ಹಿಂದಿನ ಯಾವ ಜಾಗ ಯಾವುದಕ್ಕೆ ಮೀಸಲು ಎಂಬುದು ಬಹುತೇಕ ನಿವಾಸಿಗಳಿಗೆ ತಿಳಿದಿಲ್ಲ. ಅದು ಕೈತಪ್ಪಿದರೂ ತಿಳಿಯುವುದು ಅಲ್ಲಿ ಬುನಾದಿ ತೋಡುವ ಯಂತ್ರ ಬಂದು ನಿಂತಾಗಲೇ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ?

ನಿವಾಸಿಗಳನ್ನು ಕೇಳಿದರೆ ಪ್ರತಿಯೊಬ್ಬರೂ ತಮ್ಮ ಸೊಸೈಟಿಯ ಗೇಟಿನ ಆಚೆ ನೋಡುವುದಿಲ್ಲ ಎಂಬ ದೂರನ್ನು ಅಧಿಕಾರಿಗಳ ಬಾಯಲ್ಲಿ ಕೇಳಿದ್ದೇನೆ. ಅದರಲ್ಲಿ ಸತ್ಯವಿದೆ. ಉದ್ಯಾನ ನಮ್ಮ ಬಳಿ ಬೇಕು, ಕಸ ವಿಂಗಡಿಸುವ ಕೇಂದ್ರ ಪಕ್ಕದ ಬೀದಿಗೆ ಹೋಗಲಿ ಎನ್ನುವವರು ನಮ್ಮಲ್ಲೂ ಇದ್ದಾರೆ. ಅಂಥವರು ಒಬ್ಬೊಬ್ಬರಾಗಿ ಅರ್ಜಿ ಹಾಕಿದಾಗ ಸ್ವಾರ್ಥ ಹಾಗೆಯೇ ಉಳಿಯುತ್ತದೆ. ಪಕ್ಕದ ಬೀದಿಯವರ ಎದುರಿಗೇ ಕುಳಿತು, ಬೀದಿ ವ್ಯಾಪಾರಿ ಮತ್ತು ಬಾಡಿಗೆದಾರ ಇಬ್ಬರೂ ಇರುವ ಸಭೆಯಲ್ಲಿ ಆ ಮಾತು ಆಡುವುದು ಕಷ್ಟ. 1997ರ ಸುಮಾರಿಗೆ ಘಾಟ್ಕೋಪರ್‌ನಲ್ಲಿ ಮೊದಲಾದ ಎಎಲ್‌ಎಂ (ಅಡ್ವಾನ್ಸ್ಡ್ ಲೊಕಾಲಿಟಿ ಮ್ಯಾನೇಜ್‌ಮೆಂಟ್) ಎಂಬ ಬಡಾವಣೆಯ ನಿವಾಸಿಗಳ ಗುಂಪುಗಳು ಕಸ ವಿಂಗಡಣೆಯ ಕೆಲಸದಲ್ಲಿ ಪಾಲಿಕೆಯೊಂದಿಗೆ ಕೈಜೋಡಿಸಿದ್ದವು. ಹೊಣೆ ಕೊಟ್ಟರೆ ಜನ ಹೊರುತ್ತಾರೆ. ಕೊನೆಯ ತೀರ್ಮಾನ ಪಾಲಿಕೆಯದೂ ಸರ್ಕಾರದ್ದೂ ಆಗಿರಲಿ; ಒಪ್ಪದ ಸಲಹೆಯನ್ನು ಏಕೆ ಒಪ್ಪಲಿಲ್ಲ ಎಂಬುದನ್ನು ಮಾತ್ರ ಎರಡು ಸಾಲಿನಲ್ಲಿ ಬರೆದು ತಿಳಿಸಿ. ಹತ್ತಾರು ಸಾವಿರ ಪತ್ರಗಳಿಗೆ ಉತ್ತರ ಕೊಡುವುದು ಹೊರೆ ಎನ್ನಿಸಬಹುದು. ಆದರೆ ಜನರನ್ನು ಮೊದಲೇ ಕರೆದರೆ ಅಷ್ಟು ಪತ್ರಗಳೇ ಬರುವುದಿಲ್ಲ.

2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಈ ನಗರಕ್ಕೆ ನಗರಸೇವಕರೇ, ಅಂದರೆ ಪಾಲಿಕೆಯ ಚುನಾಯಿತ ಸದಸ್ಯರೇ, ಇರಲಿಲ್ಲ. ಆ ಕಾಲದಲ್ಲಿ ಮೋರಿ, ನೀರು, ದೀಪಗಳ ದೂರು ಹಿಡಿದು ಜನ ನೇರವಾಗಿ ವಾರ್ಡ್ ಕಚೇರಿಯ ಮೆಟ್ಟಿಲು ಹತ್ತಿದರು. ಅಧಿಕಾರಿಗಳ ಮೇಜಿನೆದುರು ಮಾತನಾಡುವುದು ಅವರಿಗೆ ಈಗ ಹೊಸದಲ್ಲ.

ತಾವು ತಕ್ಷಣ ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಹೊಸ ಕಾನೂನು ಬೇಡ. ಪ್ರತಿ ವಾರ್ಡಿನಲ್ಲಿ ಸಾರ್ವಜನಿಕ ಉದ್ದೇಶಕ್ಕೆ ಮೀಸಲಿಟ್ಟ ಜಾಗಗಳ ಪಟ್ಟಿಯನ್ನು ವಿಳಾಸ, ವಿಸ್ತೀರ್ಣ, ಉದ್ದೇಶ ಮತ್ತು ಇಂದಿನ ಸ್ಥಿತಿಯ ಸಮೇತ ಮುದ್ರಿಸಿ ವಾರ್ಡ್ ಕಚೇರಿಯ ಹೊರಗೋಡೆಗೆ ಹಾಕಿಸಿ. ಮುಂದಿನ ಮಳೆಗಾಲಕ್ಕೆ ಮೊದಲು ಅದು ಅಲ್ಲಿರಲಿ. ಪಟ್ಟಿ ಹಿಡಿದು ಸ್ಥಳಕ್ಕೆ ಹೋಗಿ, ಅಲ್ಲಿ ಈಗ ಏನಿದೆ ಎಂದು ನೋಡಿ ತಮಗೆ ವರದಿ ಕೊಡುವ ಕೆಲಸವನ್ನು ನಾವು ಮಾಡುತ್ತೇವೆ. ಯಾವ ದಿನಾಂಕದೊಳಗೆ ಪಟ್ಟಿ ಸಿಗುತ್ತದೆ ಎಂದು ತಿಳಿಸುವ ಉತ್ತರವನ್ನು ತಮ್ಮಿಂದ ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ವಡಾಲಾದ ಒಬ್ಬ ಕನ್ನಡಿಗ ನಿವಾಸಿ