ಭಂಗಿಯ ಚಿತ್ರ ಹಾಕಿದಿರಿ, ಗಂಟಿನದ್ದು ಎಲ್ಲಿ?

ಮಾನ್ಯ ಸಂಪಾದಕರೇ,

ಮನೆಯಲ್ಲೇ ಹಗ್ಗ ಇಳಿಬಿಟ್ಟು ವ್ಯಾಯಾಮ ಮಾಡುವ ಬಗ್ಗೆ ಕಳೆದ ವಾರ ನಿಮ್ಮ ಪುರವಣಿಯಲ್ಲಿ ಅರ್ಧ ಪುಟ ಬಂದಿತ್ತು. ಭಂಗಿಗಳ ಚಿತ್ರ ಆರು. ಹಗ್ಗದ ಬಗ್ಗೆ ಇದ್ದದ್ದು ಒಂದೇ ಸಾಲು, ಗಟ್ಟಿಯಾದ ಹಗ್ಗ ಬಳಸಿ ಅಂತ. ಗಟ್ಟಿ ಅಂದರೆ ಯಾವುದು ಸ್ವಾಮಿ? ನಾನೂ ಎರಡು ವರ್ಷದ ಹಿಂದೆ ಗಟ್ಟಿ ಅಂತಲೇ ತಂದು ಕಟ್ಟಿ ಬಿದ್ದವನು.

ಪೇಟೆಯ ಅಂಗಡಿಯಲ್ಲಿ ಹಗ್ಗ ಬೇಕು ಅಂದಾಗ ಅವರು ಮಲಯಾಳದಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ದನಕ್ಕಾ ಬಾವಿಗಾ? ನನಗೆ ನೇತಾಡಲಿಕ್ಕೆ ಅಂದರೆ ಏನು ತಿಳಿದುಕೊಳ್ಳುತ್ತಾರೋ ಅಂತ ಸುಮ್ನೆ ಬಾವಿಗೆ ಅಂದೆ. ನೀಲಿ ಹಗ್ಗ ತೂಕ ಮಾಡಿ ಕೊಟ್ಟರು. ಅಂಗಳದ ಬದಿಯ ಕಬ್ಬಿಣದ ಅಡ್ಡಪೈಪಿನ ಮೇಲೆ ಅದನ್ನು ಹಾಯಿಸಿ, ಎರಡೂ ತುದಿಗೆ ತೋಟದ ನೀರಿನ ಪೈಪಿನ ತುಂಡು ಪೋಣಿಸಿ ಹಿಡಿ ಮಾಡಿದೆ. ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಏಪ್ರಿಲಿನ ಒಂದು ಬೆಳಿಗ್ಗೆ ಹಿಂದಕ್ಕೆ ವಾಲಿ ಮೈ ಎಳೆದುಕೊಳ್ಳುತ್ತಿದ್ದಾಗ ಟಪ್ ಅಂತ ತುಂಡಾಗಿ, ಒಣಹಾಕಿದ ಅಡಿಕೆಯ ಮೇಲೆ ಅಂಗಾತ ಬಿದ್ದೆ. ಮನೆಯಾಕೆ ಮೊದಲು ಕೇಳಿದ್ದು ಅಡಿಕೆ ಏನಾಯ್ತು ಅಂತ.

ಹೊರಗಿಂದ ನೋಡಿದರೆ ಹಗ್ಗಕ್ಕೆ ಏನೂ ಆಗಿರಲಿಲ್ಲ. ಹಿಡಿಯ ಪೈಪಿನಿಂದ ಎಳೆದು ತೆಗೆದಾಗ ಗೊತ್ತಾಯಿತು. ಗರಗಸದಲ್ಲಿ ಕೊಯ್ದ ಪೈಪಿನ ಅಂಚು ಹರಿತವಾಗಿತ್ತು, ಅದು ತಾಗುವ ಜಾಗದಲ್ಲಿ ಎಳೆಗಳು ಹತ್ತಿಯ ಹಾಗೆ ಕೆದರಿ ನಿಂತಿದ್ದವು. ಬಿಸಿಲು ಬೀಳುವ ಕಡೆ ಉಗುರಿನಿಂದ ಕೆರೆದರೆ ನೀಲಿ ಹುಡಿ ಉದುರುತ್ತಿತ್ತು. ಮೇಲೆ ಪೈಪಿಗೆ ಉಜ್ಜಿದ ಕಡೆಯೂ ಸವೆದಿತ್ತು. ಒಂದೇ ಹಗ್ಗವನ್ನು ಮೇಲಿನಿಂದ ಹಾಯಿಸಿದರೆ ಒಂದು ಕೈ ಎಳೆದಾಗ ಇನ್ನೊಂದು ಏರುತ್ತದೆ, ಹಗ್ಗ ಗರಗಸದ ಹಾಗೆ ಹಿಂದೆ ಮುಂದೆ ಹೋಗುತ್ತದೆ. ಎರಡು ಹಗ್ಗ ಬೇರೆ ಬೇರೆ ಕಟ್ಟಿದ್ದರೆ ಈ ತೊಂದರೆಯೇ ಇಲ್ಲ.

ನಮ್ಮ ಕಡೆಯ ಅಂಗಡಿಗಳಲ್ಲಿ ಪ್ಲಾಸ್ಟಿಕ್ಕಿನದ್ದಕ್ಕೆಲ್ಲ ನೈಲಾನ್ ಹಗ್ಗ ಅಂತಲೇ ಹೆಸರು. ನಿಜಕ್ಕೂ ಹೆಚ್ಚಿನವು ಪಾಲಿಪ್ರೊಪಿಲೀನ್ ಅನ್ನುವ ಬೇರೆ ಪ್ಲಾಸ್ಟಿಕ್. ಬಿಸಿಲಿಗೆ ಬೇಗ ಸಾಯುತ್ತದೆ, ಜಾರುತ್ತದೆ, ಗಂಟು ಸರಿ ಕೂರುವುದಿಲ್ಲ. ಒಂದು ತುಂಡನ್ನು ಬಕೆಟ್ ನೀರಿನಲ್ಲಿ ಅದ್ದಿ, ಗಾಳಿ ಹೋಗುವಂತೆ ಹಿಂಡಿ ಬಿಡಿ. ತೇಲಿದರೆ ಅದು ಬಾವಿಗೇ ಇರಲಿ. ಮುಳುಗಿದರೆ ನೈಲಾನ್ ಅಥವಾ ಪಾಲಿಯೆಸ್ಟರ್ ಅನ್ನಬಹುದು. ನೈಲಾನ್ ಎಳೆದರೆ ಹಿಗ್ಗುತ್ತದೆ, ಒದ್ದೆಯಾದರೆ ಶೇ. 10ರಿಂದ 15ರಷ್ಟು ಬಲ ಕಡಿಮೆಯಾಗುತ್ತದೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ, ಬಿಸಿಲನ್ನೂ ತಡೆಯುತ್ತದೆ, ಸಿಕ್ಕಿದರೆ ಅದನ್ನೇ ತನ್ನಿ. ದಪ್ಪ 10ರಿಂದ 12 ಮಿ.ಮೀ. ಇರಲಿ. ತೆಂಗಿನ ನಾರಿನ ಹಗ್ಗದ ಮೇಲೆ ನನಗೆ ಪ್ರೀತಿ ಇದೆ, ಆದರೆ ಈ ಕೆಲಸಕ್ಕೆ ಬೇಡ. ಕೈ ಕೆತ್ತುತ್ತದೆ, ಒಳಗೆ ಕುಂಬಾದದ್ದು ತುಂಡಾಗುವವರೆಗೆ ಕಾಣುವುದಿಲ್ಲ.

ಗಂಟಿನ ವಿಷಯಕ್ಕೆ ಬರುತ್ತೇನೆ. ಯಾವ ಗಂಟು ಹಾಕಿದರೂ ಹಗ್ಗದ ಬಲದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಹೋಗುತ್ತದೆ. ದನದ ಕುತ್ತಿಗೆಗೆ ಜೀರುಗುಣಿಕೆ ಹಾಕಬಾರದು ಅಂತ ಹಟ್ಟಿಯಲ್ಲಿ ಬೆಳೆದ ಮಕ್ಕಳಿಗೂ ಗೊತ್ತು, ಎಳೆದರೂ ಬಿಗಿಯದ ಕುಣಿಕೆ ಬೇಕು. ಇಲ್ಲಿಯೂ ಹಾಗೇ. ನಾನೀಗ ಹಾಕುವುದು ಎಂಟರ ಗಂಟು, ಹಗ್ಗವನ್ನು ಜೋಡಿ ಮಾಡಿ ಇಂಗ್ಲಿಷಿನ ಎಂಟರ ಹಾಗೆ ಸುತ್ತಿ ಕುಣಿಕೆ ತೆಗೆಯುವುದು. ನಮ್ಮ ೮ರ ಹಾಗೆ ಸುತ್ತಿದರೆ ಗಂಟೇ ಆಗುವುದಿಲ್ಲ! ಗಂಟಿನಿಂದ ಹೊರಗೆ ಒಂದು ಗೇಣು ಬಾಲ ಬಿಡಿ.

ಎತ್ತರ ಹೆಚ್ಚು ಕಡಿಮೆ ಮಾಡಲಿಕ್ಕೆ ಪ್ರತಿ ಸಲ ಗಂಟು ಬಿಚ್ಚುವುದು ಕಷ್ಟ, ಅಲ್ವಾ? ಅದಕ್ಕೆ ಪರ್ವತ ಹತ್ತುವವರ ಪ್ರೂಸಿಕ್ ಗಂಟು ಇದೆ. ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ 1931ರಲ್ಲಿ ಬರೆದು ತಿಳಿಸಿದ್ದು. 6 ಮಿ.ಮೀ. ಹುರಿಯ ಬಳೆ ಮಾಡಿ, ದಪ್ಪ ಹಗ್ಗಕ್ಕೆ ಮೂರು ಸುತ್ತು ಹಾಕಿ ಒಳಗಿಂದ ಎಳೆದುಕೊಳ್ಳಬೇಕು. ಭಾರ ಬಿದ್ದರೆ ಕಚ್ಚಿಕೊಳ್ಳುತ್ತದೆ, ಭಾರ ತೆಗೆದರೆ ಕೈಯಲ್ಲಿ ದೂಡಿದ ಕಡೆಗೆ ಹೋಗುತ್ತದೆ. ಇದನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಅಡಿಕೆ ಮರ ಹತ್ತುವವರು ಕಾಲಿಗೆ ಹಾಕುವ ಬಳೆ, ತಳೆ. ಅದೂ ಕಾಲು ಊರಿದಾಗ ಹಿಡಿಯುತ್ತದೆ, ಎತ್ತಿದಾಗ ಬಿಡುತ್ತದೆ. ಹಗ್ಗ ನುಣುಪಾಗಿದ್ದರೆ ನಾಲ್ಕು ಸುತ್ತು ಹಾಕಿ, ಮೊದಲು ನೆಲದ ಹತ್ತಿರ ಎಳೆದು ನೋಡಿ.

ಹಿಡಿಗೆ ಅದೇ 32 ಮಿ.ಮೀ. ತೋಟದ ಪೈಪು ಸಾಕು. ಜಿಮ್ನಾಸ್ಟಿಕ್ಸ್ ಸ್ಪರ್ಧೆಯ ಬಳೆ 28 ಮಿ.ಮೀ. ದಪ್ಪ, ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಅಂಚನ್ನು ಒಳಗೂ ಹೊರಗೂ ಉಪ್ಪುಕಾಗದದಲ್ಲಿ ಉಜ್ಜಿ, ಬೆರಳಾಡಿಸಿದರೆ ನುಣ್ಣಗೆ ಜಾರಬೇಕು. ಮೇಲೆ ಹಳೆ ಸೈಕಲ್ ಟ್ಯೂಬ್ ಸುತ್ತಿದರೆ ಬೆವರಿದ ಕೈ ಜಾರುವುದಿಲ್ಲ. ಪೇರಳೆ ಕೋಲಿನ ನಡುವಿಗೆ ಹಗ್ಗ ಕಟ್ಟುವವರೂ ಇದ್ದಾರೆ. ಕೋಲು ಮುರಿದರೆ ಕೈಯಲ್ಲಿ ಉಳಿಯುವುದು ಕೋಲು ಮಾತ್ರ. ಹಗ್ಗ ಪೈಪಿನೊಳಗೆ ಹಾದುಹೋಗಿದ್ದರೆ ಪೈಪು ಒಡೆದರೂ ಹಗ್ಗ ಕೈಯಲ್ಲಿರುತ್ತದೆ.

ಫ್ಯಾನಿನ ಕೊಕ್ಕೆಗೆ ಮಾತ್ರ ಕಟ್ಟಬೇಡಿ. ಸಡಿಲ ಹಗ್ಗಕ್ಕೆ ಒಮ್ಮೆಲೇ ಭಾರ ಬಿಟ್ಟರೆ 60 ಕೆ.ಜಿ.ಯ ಮನುಷ್ಯ 120 ಕೆ.ಜಿ. ಆಗುತ್ತಾನೆ, ಜಿಗಿದು ಹಿಡಿದರೆ ಇನ್ನೂ ಜಾಸ್ತಿ. ಹಳೆ ಮನೆಯ ತೊಲೆ ಅಥವಾ ಹಲಸಿನ ಹಸಿ ಗೆಲ್ಲು ಒಳ್ಳೆಯದು, ಹಗ್ಗದ ಅಡಿಗೆ ಗೋಣಿ ಸುತ್ತಿ. ನಾನು ಹೊಸದಾಗಿ ಕಟ್ಟಿದಾಗಲೆಲ್ಲ 50 ಕೆ.ಜಿ.ಯ ಎರಡು ಮೂಟೆ ಒಂದು ರಾತ್ರಿ ನೇತುಹಾಕಿ, ಬೆಳಿಗ್ಗೆ ಗಂಟು ನೋಡಿಯೇ ಕೈ ಹಾಕುವುದು. ನೆರೆಯವರು ಇದೇನು ತೂಕದ ಅಂಗಡಿಯಾ ಅಂತ ಕೇಳಿದ್ದೂ ಆಯಿತು.

ಮುಂದಿನ ಪುರವಣಿಯಲ್ಲಿ ಒಂದು ಭಂಗಿಯ ಚಿತ್ರ ಕಡಿಮೆ ಮಾಡಿ, ಎಂಟರ ಗಂಟಿನ ಚಿತ್ರ ಹಂತ ಹಂತವಾಗಿ ಹಾಕುತ್ತೀರಾ? ಕತ್ತರಿಸಿ ಕೊಟ್ಟಿಗೆಯ ಗೋಡೆಗೆ ಅಂಟಿಸಲು ಆಗುವಷ್ಟು ದೊಡ್ಡದಾಗಿರಲಿ.

– ಓದುಗ, ಪೆರ್ಲ, ಕಾಸರಗೋಡು