ಹೊಣೆ ಇಳಿಸಿದರೆ ಸಾಲದು
ಮಾನ್ಯರೇ,

ಕ್ಯಾಲಿಫೋರ್ನಿಯಾ ರಾಜ್ಯದ ಕಿಕ್ಕಿರಿದ ಸೆರೆಮನೆಗಳ ಕೈದಿಗಳ ಸಂಖ್ಯೆಯನ್ನು ತಗ್ಗಿಸಲೇಬೇಕೆಂಬ ಆದೇಶವನ್ನು ಅಮೆರಿಕದ ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ಎತ್ತಿಹಿಡಿದಿತ್ತು. ಅದೇ ವರ್ಷ ಅಕ್ಟೋಬರ್ 1ರಿಂದ ಆ ರಾಜ್ಯವು ಗಂಭೀರವಲ್ಲದ, ಹಿಂಸೆ ಅಥವಾ ಲೈಂಗಿಕ ಅಪರಾಧ ಎಸಗದ ವಯಸ್ಕ ಅಪರಾಧಿಗಳ ಹೊಣೆಯನ್ನು ತನ್ನ 58 ಕೌಂಟಿಗಳಿಗೆ (ನಮ್ಮ ಜಿಲ್ಲೆಗಳಂಥ ಸ್ಥಳೀಯ ಆಡಳಿತಗಳಿಗೆ) ವಹಿಸಿತು. ಊರಿಗೆ ಹತ್ತಿರವಿದ್ದರೆ ಮನೆಯವರು ಬಂದು ನೋಡಬಹುದು, ಬಿಡುಗಡೆಯಾದವರಿಗೆ ಕೆಲಸ ಹುಡುಕಿಕೊಡುವುದೂ ಸುಲಭ ಎಂಬ ವಾದದಲ್ಲಿ ಹುರುಳಿದೆ. ಆದರೆ ಒಂದು ವರ್ಷದೊಳಗಿನ ಶಿಕ್ಷೆಗೆಂದು ಕಟ್ಟಿದ ಕೌಂಟಿ ಜೈಲುಗಳಲ್ಲಿ ಹಲವು ವರ್ಷಗಳ ಶಿಕ್ಷೆಯವರನ್ನು ಇರಿಸಿದರೆ, ಅವರಿಗೆ ಬೇಕಾದ ಬಯಲು, ತರಗತಿ, ದೀರ್ಘಕಾಲದ ಕಾಯಿಲೆಗೆ ಚಿಕಿತ್ಸೆ ಎಲ್ಲಿಂದ ಬರಬೇಕು? ಇದು ನನ್ನನ್ನು ತೀವ್ರವಾಗಿ ಕಾಡುತ್ತದೆ. 2012ರಲ್ಲಿ ಮತದಾರರು ಈ ಹೊಣೆಗಾಗಿ ರಾಜ್ಯವು ಕೌಂಟಿಗಳಿಗೆ ಕೊಡುವ ಅನುದಾನಕ್ಕೆ ರಾಜ್ಯ ಸಂವಿಧಾನದ ರಕ್ಷಣೆ ಒದಗಿಸಿದ್ದು ಸರಿಯಾದ ಕ್ರಮ. ಆ ಹಣ ಹೊಸ ಜೈಲುಕೋಣೆಗಳಿಗಿಂತ ಮೊದಲು ವ್ಯಸನಮುಕ್ತಿ ಚಿಕಿತ್ಸೆಗೂ ಜೈಲಿನ ಹೊರಗಿರುವ ಅಪರಾಧಿಗಳ ಮೇಲ್ವಿಚಾರಣೆ ನಡೆಸುವ ಪ್ರೊಬೇಷನ್ ಅಧಿಕಾರಿಗಳ ನೇಮಕಕ್ಕೂ ಸಲ್ಲಬೇಕು.

– ಓರ್ವ ಓದುಗ